ನಿವೃತ್ತರ ಆರೋಗ್ಯರಕ್ಷೆ: ಉದ್ಯೋಗದಾತನ ಆಶ್ರಯವೂ ಅನ್ಯ ಮಾರ್ಗಗಳೂ

(ಚಾಮರಾಜನಗರದಲ್ಲಿ ಮಾಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ದತ್ತಿ ಉಪನ್ಯಾಸವೆಂದೊಡನೆ ಕಾವ್ಯವನ್ನೋ ಶಾಸನವನ್ನೋ ಸಂತಚರಿತ್ರೆಯನ್ನೋ ನಿರೀಕ್ಷಿಸುವುದು ನಮ್ಮಲ್ಲಿ ವಾಡಿಕೆ. ಆ ವಾಡಿಕೆಯನ್ನು ಮುರಿದು ಆರೋಗ್ಯವಿಮೆಯಂಥ ಲೆಕ್ಕಪತ್ರದ ವಿಷಯವನ್ನು ನಾನು ಎತ್ತಿಕೊಂಡದ್ದು ಕೆಲವರಿಗೆ ಅರಸಿಕತೆಯಾಗಿ ತೋರಿದರೆ ಆಶ್ಚರ್ಯವಿಲ್ಲ. ಆದರೆ ಈ ಜಿಲ್ಲೆಯಲ್ಲಿ ಸಾಹಿತ್ಯಸಭೆಗಳನ್ನು ತುಂಬುವವರೂ ದತ್ತಿಗಳನ್ನು ಇಡುವವರೂ ಬಹುಮಟ್ಟಿಗೆ ನಿವೃತ್ತರೇ. ಶಾಲೆಯಿಂದ, ಬ್ಯಾಂಕಿನಿಂದ, ಸಾರಿಗೆಯ ಡಿಪೋದಿಂದ, ಅರಣ್ಯ ಇಲಾಖೆಯಿಂದ, ವಿದ್ಯುತ್ತಿನ ಕಚೇರಿಯಿಂದ ಹೂಮಾಲೆ ಹಾಕಿಸಿಕೊಂಡು ಹೊರಬಂದವರು. ಆ ಹೂಮಾಲೆಯ ದಿನ ಪಿಂಚಣಿ, ಗ್ರಾಚ್ಯುಟಿ, ಕಮ್ಯುಟೇಷನ್ನುಗಳ ಲೆಕ್ಕವನ್ನು ರೂಪಾಯಿ ಪೈಸೆಗಳಲ್ಲಿ ಬಲ್ಲವರು, ನಾಳೆ ಹೃದಯವೋ ಮೂತ್ರಪಿಂಡವೋ ಕೈಕೊಟ್ಟರೆ ಯಾರ ಹೆಸರಿನಲ್ಲಿ ಆಸ್ಪತ್ರೆಯ ಬಿಲ್ಲು ಬರತಕ್ಕದ್ದೆಂಬುದನ್ನು ವಿಚಾರಿಸಿದವರಲ್ಲವೆಂಬುದು ನಾನು ಬಲ್ಲ ಅನೇಕರ ವಿಷಯದಲ್ಲಿ ಸತ್ಯ. ಅಂದಮೇಲೆ ವಿಷಯವು ಈ ಸಭೆಗೆ ಅನುಚಿತವಲ್ಲವೆಂದು ಭಾವಿಸಿ ಮುಂದುವರಿಯುತ್ತೇನೆ.

ಪ್ರಶ್ನೆ ಇಷ್ಟೆ. ದುಡಿಸಿಕೊಂಡ ಸಂಸ್ಥೆಯು ನಿವೃತ್ತಿಯ ತರುವಾಯವೂ ಒದಗಿಸುವ ಆರೋಗ್ಯರಕ್ಷೆಯನ್ನು, ಅದು ದುಬಾರಿಯಾದರೂ, ಹಿಡಿದುಕೊಂಡಿರುವುದು ಲೇಸೋ, ಅಥವಾ ಅದನ್ನು ಬಿಟ್ಟು ಸ್ವಂತ ಪಾಲಿಸಿಯನ್ನೋ ಸರ್ಕಾರದ ಸಾರ್ವಜನಿಕ ಯೋಜನೆಯನ್ನೋ ಆಶ್ರಯಿಸುವುದು ಲೇಸೋ? ಜನರು ಇದನ್ನು ಪ್ರೀಮಿಯಮ್ಮಿನ ಮೊತ್ತವೊಂದರಿಂದಲೇ ತೂಗುತ್ತಾರೆ. ನನ್ನ ಮತಿಗೆ ತೋರುವಂತೆ ತೂಗಬೇಕಾದದ್ದು ಕಾಲವನ್ನು. ಅಂದರೆ ಯಾವ ರಕ್ಷೆಯು ಯಾವ ದಿನ ಮುಗಿಯುತ್ತದೆ, ಮತ್ತೊಂದು ಯಾವ ದಿನ ನಿಜವಾಗಿ ಕೈಗೆ ಹತ್ತುತ್ತದೆ ಎಂಬುದನ್ನು. ಅದರೊಡನೆ, ನಮ್ಮಂಥ ಗಡಿನಾಡಿನವರು, ದಾರಿಯನ್ನೂ ತೂಗಬೇಕು.

ಮೊದಲು ರಾಜ್ಯ ಸರ್ಕಾರದ ನೌಕರರ ಸ್ಥಿತಿಯನ್ನು ನೋಡೋಣ. ಏತಕ್ಕೆಂದರೆ ಈ ಜಿಲ್ಲೆಯಲ್ಲಿ ಸ್ಥಿರವಾದ ಸಂಬಳವೆಂದರೆ ಬಹುಪಾಲು ಸರ್ಕಾರದ್ದೆ. ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ ಜೀವವಿಮೆಯ ವ್ಯವಸ್ಥೆಯನ್ನು 1891ರಷ್ಟು ಹಿಂದೆಯೇ, ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ಶೇಷಾದ್ರಿ ಅಯ್ಯರವರು ದಿವಾನರಾಗಿದ್ದಾಗ ಏರ್ಪಡಿಸಿತು. (ಈ ಊರಿಗೆ ಹೆಸರಾದ ಚಾಮರಾಜರು ಬೇರೆ, ಅವರು ಮುಮ್ಮಡಿ ಕೃಷ್ಣರಾಜರ ತಂದೆ, ಅರಿಕುಠಾರವು ಚಾಮರಾಜನಗರವಾದದ್ದು ಅವರ ಸ್ಮರಣೆಗೆ.) ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಆ ವ್ಯವಸ್ಥೆಯ ಮುಂದುವರಿಕೆಯೇ. ನೌಕರನ ಮರಣಕ್ಕೆ ಇಷ್ಟು ಮುಂಚಿತವಾಗಿ ಮುಂದಾಲೋಚನೆ ಮಾಡಿದ ಸರ್ಕಾರವು, ಅವನ ಮುಪ್ಪಿನ ಕಾಯಿಲೆಗೆ ಅಂಥದೇ ಭದ್ರವಾದ ಕಟ್ಟಡವನ್ನು ಕಟ್ಟಲಿಲ್ಲ. 1963ರ ವೈದ್ಯಕೀಯ ಹಾಜರಾತಿ ನಿಯಮಗಳು ಸೇವೆಯಲ್ಲಿರುವವನನ್ನು ಉದ್ದೇಶಿಸಿದುವು. 2014ರಲ್ಲಿ ಆದೇಶವಾದ ಜ್ಯೋತಿ ಸಂಜೀವಿನಿ ಯೋಜನೆಯು ಹೃದಯ, ಕ್ಯಾನ್ಸರ್, ನರ, ಮೂತ್ರಪಿಂಡ ಮೊದಲಾದ ದೊಡ್ಡ ಚಿಕಿತ್ಸೆಗಳಿಗೆ ಕ್ಯಾಷ್‌ಲೆಸ್ ಸೌಕರ್ಯವನ್ನು ಕೊಟ್ಟಿತಾದರೂ ಅದೂ ಸೇವಾನಿರತರಿಗೇ. 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆಯು, ‘ಎ’ ವೃಂದದವರಿಂದ ತಿಂಗಳಿಗೆ 1000, ‘ಬಿ’ ವೃಂದದವರಿಂದ 500, ‘ಸಿ’ ವೃಂದದವರಿಂದ 350, ‘ಡಿ’ ವೃಂದದವರಿಂದ 250 ರೂಪಾಯಿಗಳ ವಂತಿಗೆಯನ್ನು ಪಡೆದು ಹೆಚ್ಚು ವಿಸ್ತಾರವಾದ ಚಿಕಿತ್ಸೆಯನ್ನು ವಾಗ್ದಾನ ಮಾಡಿದರೂ, ಆ ವಂತಿಗೆ ಮುರಿಯುವುದು ಸಂಬಳದ ಬಟವಾಡೆಯಿಂದ, ಪಿಂಚಣಿಯಿಂದಲ್ಲ.

ತೆರಕಣಾಂಬಿಯ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿರುವ ಒಬ್ಬಾಕೆಯನ್ನು ಕಲ್ಪಿಸಿಕೊಳ್ಳಿ. ಅರವತ್ತು ತುಂಬಿದ ತಿಂಗಳ ಕಡೆಯ ದಿನ ಅಪರಾಹ್ನ ಆಕೆ ನಿವೃತ್ತಿ ಹೊಂದುತ್ತಾಳೆ. ಆ ಮಧ್ಯಾಹ್ನದವರೆಗೆ ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ನಯಾಪೈಸೆ ಕೊಡದೆ ಸ್ಟೆಂಟು ಹಾಕಿಸಿಕೊಳ್ಳುವ ಹಕ್ಕಿದ್ದ ಆಕೆಗೆ, ಮರುದಿನ ಬೆಳಗ್ಗೆ, ಅದೇ ಹೃದಯವಿದ್ದೂ, ಆ ಹಕ್ಕಿಲ್ಲ. ಆಕೆ ಒಡನೆಯೇ ಸ್ವಂತ ಪಾಲಿಸಿಯನ್ನು ಕೊಳ್ಳಲು ಹೋದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳೆಲ್ಲ ಪೂರ್ವಸ್ಥಿತ ವ್ಯಾಧಿಗಳೆಂದು ಪರಿಗಣಿತವಾಗಿ, ಅವುಗಳಿಂದ ಹುಟ್ಟಿದ ಚಿಕಿತ್ಸೆಗೆ ಮೂರು ವರ್ಷಗಳವರೆಗೂ ವಿಮೆಗಾರ ಹಣ ಕೊಡಬೇಕಾಗಿಲ್ಲ. ಕಣ್ಣಿನ ಪೊರೆ, ಹರ್ನಿಯ, ಮಂಡಿಯ ಕೀಲು ಬದಲಾವಣೆ ಮುಂತಾದುವಕ್ಕೆ ಸಾಧಾರಣವಾಗಿ ಎರಡು ವರ್ಷ ಕಾಯಿಸುತ್ತಾರೆ. ಅಂದರೆ ರಕ್ಷೆಯು ಅತ್ಯಂತ ಅವಶ್ಯವಾದ ಮೊದಲ ವರ್ಷಗಳಲ್ಲೇ ಪಾಲಿಸಿಯು ಬಹುಮಟ್ಟಿಗೆ ಕಾಗದವಾಗಿರುತ್ತದೆ. ಗುಂಡ್ಲುಪೇಟೆಯ ಕಡೆ ಅರಿಶಿನ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಲಗ್ನ ಗೊತ್ತಾದ ಮೇಲೆ ಗೆಡ್ಡೆ ನೆಟ್ಟರೆ ಆ ಮದುವೆಗೆ ಅರಿಶಿನ ಒದಗದು.

ಇಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ಅರಿಯದೆ ನಷ್ಟಪಟ್ಟವರು ಬಹಳ. ವಿಮಾ ಕಂಪೆನಿಯಿಂದ ಗುಂಪು ಪಾಲಿಸಿಯನ್ನು ಕೊಂಡು ಕೊಟ್ಟ ಸಂಸ್ಥೆಯಲ್ಲಿ ದುಡಿದವನು ನಿವೃತ್ತನಾಗುವಾಗ, ಅದೇ ಕಂಪೆನಿಯ ವೈಯಕ್ತಿಕ ಪಾಲಿಸಿಗೆ ದಾಟಿಕೊಳ್ಳಲು ಅರ್ಜಿ ಹಾಕಬಹುದು. ಕಂಪೆನಿಯು ಅವನ ಆರೋಗ್ಯವನ್ನು ಪರೀಕ್ಷಿಸಿ ನಿರ್ಧರಿಸುವುದಾದರೂ, ಗುಂಪಿನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯ ಲೆಕ್ಕಕ್ಕೆ ಜಮೆಯಾಗುತ್ತವೆ. ಆದರೆ ಜ್ಯೋತಿ ಸಂಜೀವಿನಿಯಾಗಲಿ ಆರೋಗ್ಯ ಸಂಜೀವಿನಿಯಾಗಲಿ ವಿಮಾ ಕಂಪೆನಿಯ ಪಾಲಿಸಿಯಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಮೂಲಕ ಸರ್ಕಾರವೇ ಆಸ್ಪತ್ರೆಗಳಿಗೆ ಹಣ ಸಲ್ಲಿಸುವ ಏರ್ಪಾಟು. ಅದರಿಂದ ಎಲ್ಲಿಗೂ ದಾಟಲಾಗದು, ಅದರಲ್ಲಿ ಕಳೆದ ವರ್ಷಗಳು ಎಲ್ಲಿಯೂ ಜಮೆಯಾಗವು. ಆದುದರಿಂದ ನಮ್ಮ ಉಪಾಧ್ಯಾಯರು, ಗುಮಾಸ್ತರು, ಫಾರೆಸ್ಟರುಗಳು ಐವತ್ತೈದು ಐವತ್ತಾರರ ಪ್ರಾಯದಲ್ಲಿಯೇ, ಸರ್ಕಾರಿ ರಕ್ಷೆ ಕೈಯಲ್ಲಿರುವಾಗಲೇ, ಚಿಕ್ಕದೊಂದು ಸ್ವಂತ ಪಾಲಿಸಿಯನ್ನು ಆರಂಭಿಸಿ, ಕಾಯುವ ಅವಧಿಯೆಲ್ಲವೂ ಸೇವೆಯ ಅವಧಿಯೊಳಗೇ ಕಳೆದುಹೋಗುವಂತೆ ಮಾಡಿಕೊಳ್ಳತಕ್ಕದ್ದು. ‘ಎರಡು ಕಡೆ ಯಾಕೆ ದುಡ್ಡು ಸುರಿಯಬೇಕು’ ಎಂದು ಕೇಳುವವರುಂಟು. ಆ ನಾಲ್ಕೈದು ವರ್ಷಗಳ ಪ್ರೀಮಿಯಮ್ಮು ರಕ್ಷೆಗೆ ಕೊಡುವ ಬೆಲೆಯಲ್ಲ, ಕಾಲಕ್ಕೆ ಕೊಡುವ ಬೆಲೆ. 2006ರ ಏಪ್ರಿಲ್ 1ರಿಂದ ಈಚೆಗೆ ನೇಮಕಗೊಂಡು ಹೊಸ ಪಿಂಚಣಿ ಪದ್ಧತಿಗೆ ಸೇರಿದವರಿಗಂತೂ ಈ ಮಾತು ದ್ವಿಗುಣವಾಗಿ ಅನ್ವಯಿಸುತ್ತದೆ.

ಇನ್ನು ಬ್ಯಾಂಕಿನವರು. ಉದ್ಯೋಗದಾತನ ಹೆಸರಿನಲ್ಲಿ ನಿವೃತ್ತನಿಗೆ ದೊರೆಯುವ ವಿಮೆಯ ಗುಣದೋಷಗಳೆರಡೂ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇವರಲ್ಲಿ. 2015ರ ಮೇ 25ರಂದು ಸಹಿಯಾದ ಹತ್ತನೆಯ ದ್ವಿಪಕ್ಷೀಯ ಒಪ್ಪಂದದ ಪ್ರಕಾರ ಭಾರತೀಯ ಬ್ಯಾಂಕುಗಳ ಸಂಘವು ಒಂದು ಗುಂಪು ವಿಮೆಯನ್ನು ಏರ್ಪಡಿಸಿತು. ಅಧಿಕಾರಿಗಳಿಗೆ ನಾಲ್ಕು ಲಕ್ಷ, ಉಳಿದವರಿಗೆ ಮೂರು ಲಕ್ಷ. ಸೇವೆಯಲ್ಲಿರುವವರ ಪ್ರೀಮಿಯಮ್ಮನ್ನು ಬ್ಯಾಂಕು ಕೊಟ್ಟಿತು. ನಿವೃತ್ತರು ಇಚ್ಛೆಯಿದ್ದಲ್ಲಿ ಸ್ವಂತ ಹಣದಿಂದ ಸೇರಬಹುದೆಂದಾಯಿತು. ಇದರ ಮಹತ್ತಾದ ಗುಣವೆಂದರೆ ಹಳೆಯ ಕಾಯಿಲೆಯ ಪ್ರಶ್ನೆಯೇ ಇಲ್ಲದಿರುವುದು: ಬೈಪಾಸ್ ಆದವನಿಗೂ ಡಯಾಲಿಸಿಸ್ಸಿನಲ್ಲಿರುವವನಿಗೂ ಮೊದಲ ದಿನದಿಂದಲೇ ರಕ್ಷೆಯುಂಟು. ಎಪ್ಪತ್ತು ದಾಟಿದ ಹೃದ್ರೋಗಿಗೆ ಪೇಟೆಯಲ್ಲಿ ಯಾವ ಕಂಪೆನಿಯೂ ಈ ಷರತ್ತಿನಲ್ಲಿ ಪಾಲಿಸಿಯನ್ನು ಮಾರದು.

ಆದರೆ ಈ ಗುಣವೇ ದೋಷದ ಬೀಜ. ನಿವೃತ್ತರನ್ನು ಸೇವಾನಿರತರಿಂದ ಬೇರ್ಪಡಿಸಿ ಪ್ರತ್ಯೇಕ ಗುಂಪಾಗಿ ಲೆಕ್ಕಹಾಕಿದಾಗ ಆ ಗುಂಪಿನಲ್ಲಿರುವವರೆಲ್ಲರೂ ವೃದ್ಧರೇ. ಯೌವನದವರ ವಂತಿಗೆ ಮುಪ್ಪಿನವರ ಕ್ಲೇಮನ್ನು ಹೊರುವ, ವಿಮೆಯ ಮೂಲಧರ್ಮವಾದ, ಹಂಚಿಕೆಯೇ ಅಲ್ಲಿಲ್ಲ. ಕ್ಲೇಮುಗಳು ಹೆಚ್ಚಿದುವೆಂದು ಮರುವರ್ಷ ಪ್ರೀಮಿಯಂ ಏರುತ್ತದೆ. ಏರಿತೆಂದು, ಆರೋಗ್ಯವಾಗಿರುವ ನಿವೃತ್ತನು ‘ನನಗೇನಾಗಿದೆ’ ಎಂದು ಹೊರಬೀಳುತ್ತಾನೆ. ಅವನು ಹೊರಬಿದ್ದಮೇಲೆ ಉಳಿದವರಲ್ಲಿ ರೋಗಿಗಳ ಪ್ರಮಾಣವು ಮತ್ತಷ್ಟು ಹೆಚ್ಚಿ, ಅದರ ಮರುವರ್ಷ ಪ್ರೀಮಿಯಂ ಇನ್ನೂ ಏರುತ್ತದೆ. 2015ರಿಂದ ಈಚೆಗೆ ಪ್ರತಿ ನವೆಂಬರ್ 1ರ ನವೀಕರಣಕ್ಕೆ ಮುನ್ನ ಬ್ಯಾಂಕ್ ನಿವೃತ್ತರ ಸಂಘಗಳಲ್ಲಿ ಎದ್ದ ಗದ್ದಲವೆಲ್ಲಕ್ಕೂ ಈ ಸುಳಿಯೇ ಕಾರಣ. ಹೊರರೋಗಿಯ ಔಷಧವೆಚ್ಚವನ್ನು ಸೇರಿಸಿದ್ದು, ಸೇರಿಸದಿದ್ದದ್ದು ಎಂಬ ಎರಡು ಬಗೆಗಳೂ, ಮೇಲೊಂದು ಸೂಪರ್ ಟಾಪ್‌ಅಪ್ಪೂ ಆ ಬಳಿಕ ಬಂದುವು. ಸುಳಿ ಮಾತ್ರ ನಿಂತಿಲ್ಲ. ಪಿಂಚಣಿಯೋ, ಹಳೆಯ ನಿವೃತ್ತರದು, ಆ ವೇಗದಲ್ಲಿ ಬೆಳೆಯುವ ಜಾತಿಯದಲ್ಲ.

ಹಾಗಾದರೆ ಬಿಡುವುದು ವಿವೇಕವೆ? ಅರವತ್ತರ ಆಸುಪಾಸಿನಲ್ಲಿದ್ದು, ದೊಡ್ಡ ಕಾಯಿಲೆಯೇನೂ ಇಲ್ಲದವನು, ಸ್ವಂತ ಪಾಲಿಸಿಯೊಂದನ್ನು ಕೊಂಡು, ಅದರ ಕಾಯುವ ಅವಧಿ ತೀರುವವರೆಗೆ ಬ್ಯಾಂಕಿನ ಗುಂಪಿನಲ್ಲಿಯೂ ಇದ್ದು, ಅನಂತರ ಬಿಡಬಹುದು. ಎಪ್ಪತ್ತೆರಡರ ರೋಗಿಯು ಬಿಡಕೂಡದು. ಮಕ್ಕಳಿಂದ ಪಡೆದಾದರೂ ಕಟ್ಟಿ ಉಳಿಯಬೇಕು. ಒಮ್ಮೆ ಬಿಟ್ಟವನಿಗೆ ಮತ್ತೆ ಸೇರುವ ಅವಕಾಶವು ಬ್ಯಾಂಕುಗಳ ಸಂಘದ ದಯೆಯನ್ನು ಅವಲಂಬಿಸಿರುತ್ತದೆಯೇ ಹೊರತು ಅವನ ಹಕ್ಕಿನ ಮಾತಲ್ಲ. ಇನ್ನೊಂದು ಸಂಗತಿ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1913ರಲ್ಲಿ ಹುಟ್ಟಿ ಈ ಊರುಗಳಲ್ಲೆಲ್ಲ ಸಂಸ್ಥಾನದ ಬ್ಯಾಂಕೆಂದೇ ಗೌರವಿಸಲ್ಪಟ್ಟ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. 2019ರಲ್ಲಿ ವಿಜಯಾ ಬ್ಯಾಂಕು, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಅದೇ ದಾರಿ ಹಿಡಿದುವು. ಉದ್ಯೋಗದಾತನ ವಾಗ್ದಾನವನ್ನು ನಂಬಿದವನಿಗೆ ಉದ್ಯೋಗದಾತನೇ ಹೆಸರು ಬದಲಿಸಿಕೊಂಡ ಕಾಲವಿದು.

ಅಮೆರಿಕದ ಅನುಭವವು ಇಲ್ಲಿ ಉಪಯುಕ್ತವೆನಿಸುತ್ತದೆ. ಅಲ್ಲಿ ಅರವತ್ತೈದು ದಾಟಿದವರಿಗೆ 1966ರಿಂದ ಮೆಡಿಕೇರ್ ಎಂಬ ಸಾರ್ವಜನಿಕ ರಕ್ಷೆಯಿದ್ದು, ಅದರ ಮೇಲೆ ದೊಡ್ಡ ಕಂಪೆನಿಗಳು ತಮ್ಮ ನಿವೃತ್ತರಿಗೆ ಹೆಚ್ಚಿನದನ್ನು ಸೇರಿಸುತ್ತಿದ್ದುವು. ಈ ವಾಗ್ದಾನವು ಮುಂದೆ ಎಷ್ಟು ವೆಚ್ಚಕ್ಕೆ ಬರುವುದೆಂಬುದನ್ನು ಇಂದೇ ಲೆಕ್ಕಪುಸ್ತಕದಲ್ಲಿ ಸಾಲವಾಗಿ ತೋರಿಸತಕ್ಕದ್ದೆಂದು 1990ರಲ್ಲಿ ಲೆಕ್ಕಶಾಸ್ತ್ರದ ನಿಯಮವೊಂದು ಹೊರಟಿತು. 1988ರಲ್ಲಿ, ಆರೋಗ್ಯ ಸೌಕರ್ಯ ಕೊಡುತ್ತಿದ್ದ ದೊಡ್ಡ ಕಂಪೆನಿಗಳಲ್ಲಿ ನೂರಕ್ಕೆ 66ರಷ್ಟು ನಿವೃತ್ತರಿಗೂ ಅದನ್ನು ವಿಸ್ತರಿಸಿದ್ದುವು. ಇಂದು ಅವು ಕಾಲುಭಾಗದ ಆಸುಪಾಸು. ಚಿಕಿತ್ಸೆಯ ಬೆಲೆಯೇರಿಕೆಯೂ ಇದಕ್ಕೆ ಕಾರಣವೇ. ಆದರೆ ಔದಾರ್ಯವೆಂದು ತೋರುತ್ತಿದ್ದುದು ಸಾಲವೆಂದು ಬರೆಯಲ್ಪಟ್ಟೊಡನೆ ಕರಗತೊಡಗಿತೆಂಬುದು ನಿಜ.

ನಮ್ಮ ಕಡೆಗೆ ಮರಳಿದರೆ, ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಬೇಗೂರು ಗುಂಡ್ಲುಪೇಟೆಗಳ ಕಡೆಯಿಂದ ದಿನವೂ ಹೋಗಿಬರುವ ಕಾರ್ಮಿಕರಿಗೆ ಒಂದು ಉತ್ತಮವಾದ ಮಾರ್ಗವಿದೆ, ಬಲ್ಲವರು ಕಡಮೆ. 1948ರ ಕಾಯಿದೆಯ ಇ.ಎಸ್.ಐ. ಯೋಜನೆಯಲ್ಲಿ ಕನಿಷ್ಠ ಐದು ವರ್ಷ ವಿಮಾದಾರನಾಗಿದ್ದು ವಯೋನಿವೃತ್ತಿ ಹೊಂದಿದವನು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಅವನಿಗೂ ಪತ್ನಿಗೂ ವೈದ್ಯಸೌಕರ್ಯ ಮುಂದುವರಿಯುತ್ತದೆ, ಮೈಸೂರಿನಲ್ಲಿ ಇ.ಎಸ್.ಐ. ಆಸ್ಪತ್ರೆಯೇ ಇದೆ. ದಿನಕ್ಕೆ ಮೂವತ್ತಮೂರು ಪೈಸೆ! ತೊಡಕೆಂದರೆ, ಸಂಬಳವು 21,000 ರೂಪಾಯಿಯ ಮಿತಿಯನ್ನು ದಾಟಿದ ಕಾರ್ಮಿಕನು ನಿವೃತ್ತಿಗೆ ಮುಂಚೆಯೇ ಯೋಜನೆಯಿಂದ ಹೊರಬಿದ್ದು, ಬಡ್ತಿಯೇ ಅವನಿಗೆ ದಂಡವಾಗುತ್ತಿತ್ತು. ಅಂಥವರಲ್ಲಿ 30,000ದವರೆಗೆ ಸಂಬಳವಿದ್ದು 2017ರ ಏಪ್ರಿಲ್ 1ರ ಅನಂತರ ನಿವೃತ್ತರಾದವರನ್ನೂ ಸೇರಿಸಿಕೊಳ್ಳಲು 2024ರ ಫೆಬ್ರವರಿಯಲ್ಲಿ ಇ.ಎಸ್.ಐ. ನಿಗಮವು ತೀರ್ಮಾನಿಸಿತು. ಸಾರಿಗೆ ಸಂಸ್ಥೆಯ ಚಾಲಕ ನಿರ್ವಾಹಕರ ಸ್ಥಿತಿ ಇಷ್ಟು ಹಸನಲ್ಲ. 2025ರ ಜನವರಿಯಲ್ಲಿ ಆರಂಭವಾದ ಅವರ ಕ್ಯಾಷ್‌ಲೆಸ್ ಯೋಜನೆಯು ಸೇವಾನಿರತರನ್ನು ಉದ್ದೇಶಿಸಿದ್ದು. ನಿವೃತ್ತಿಯ ಮೇಲೆ ಅವರ ಪಾಲಿಗೆ ಬರುವುದು ಭವಿಷ್ಯನಿಧಿಯ ಅಲ್ಪ ಪಿಂಚಣಿ. ಅದರಲ್ಲಿ ಖಾಸಗಿ ಪ್ರೀಮಿಯಂ ಕಟ್ಟೆಂದು ಉಪದೇಶಿಸುವವನಿಗೆ ಲೆಕ್ಕ ಬಾರದೆಂದು ಹೇಳಬೇಕು.

ಕೇಂದ್ರ ಸರ್ಕಾರದ ನಿವೃತ್ತರು ಭಾಗ್ಯವಂತರು. ಅವರ ಆರೋಗ್ಯ ಯೋಜನೆಯಾದ ಸಿ.ಜಿ.ಎಚ್.ಎಸ್.ನಲ್ಲಿ ಹತ್ತು ವರ್ಷಗಳ ವಂತಿಗೆಯನ್ನು ಒಮ್ಮೆಗೇ, ದರ್ಜೆಗನುಸಾರವಾಗಿ 30 ಸಾವಿರದಿಂದ 1 ಲಕ್ಷ 20 ಸಾವಿರದವರೆಗೆ, ಕಟ್ಟಿಬಿಟ್ಟರೆ ಜೀವಾವಧಿ ರಕ್ಷೆ. ಗುಂಡ್ಲುಪೇಟೆಯಂಥ ದೂರದ ಊರಿನಲ್ಲಿರುವ ಅಂಚೆಯ ನಿವೃತ್ತನು ಹೊರರೋಗಿ ಚಿಕಿತ್ಸೆಯ ಬದಲಾಗಿ ತಿಂಗಳಿಗೆ 1000 ರೂಪಾಯಿ ಭತ್ಯೆಯನ್ನು ಪಡೆದು, ಒಳರೋಗಿಯಾದಾಗ ಮಾತ್ರ ಕಾರ್ಡನ್ನು ಉಪಯೋಗಿಸಬಹುದು. ಅನೇಕರು ಭತ್ಯೆಯನ್ನು ಮಾತ್ರ ಇಟ್ಟುಕೊಂಡು ಕಾರ್ಡನ್ನು ಬಿಡುತ್ತಾರೆ. ತಿಂಗಳ ಸಾವಿರವು ಕಣ್ಣಿಗೆ ಕಾಣುತ್ತದೆ, ಆಸ್ಪತ್ರೆಯ ಐದು ಲಕ್ಷವು ಕಾಣುವುದಿಲ್ಲವಷ್ಟೆ.

ಸ್ವಂತ ಪಾಲಿಸಿಯ ವಿಷಯದಲ್ಲಿ ಈಚಿನ ಕೆಲವು ಸುಧಾರಣೆಗಳು ನಿವೃತ್ತರಿಗೆ ಅನುಕೂಲವಾಗಿವೆ. ಅರವತ್ತೈದಾದಮೇಲೆ ಹೊಸ ಪಾಲಿಸಿಯಿಲ್ಲವೆಂಬ ಅಡ್ಡಿಯು 2024ರ ಏಪ್ರಿಲ್‌ನಿಂದ ಇಲ್ಲ. ಪೂರ್ವಸ್ಥಿತ ವ್ಯಾಧಿಯ ಕಾಯುವ ಅವಧಿಯ ಮಿತಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿನ ಜಿ.ಎಸ್.ಟಿ. ಹೋಯಿತು. ಅರವತ್ತು ದಾಟಿದವರ ಪ್ರೀಮಿಯಮ್ಮನ್ನು ವಿಮಾ ನಿಯಂತ್ರಣ ಪ್ರಾಧಿಕಾರದೊಡನೆ ಸಮಾಲೋಚಿಸದೆ ವರ್ಷಕ್ಕೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಿಸಕೂಡದೆಂದು 2025ರ ಜನವರಿಯಲ್ಲಿ ಆಜ್ಞೆಯಾಯಿತು. ಆದರೆ ಹತ್ತು ಎಂಬುದು ಸಣ್ಣ ಸಂಖ್ಯೆಯಲ್ಲ: ಅರವತ್ತರಲ್ಲಿ 40 ಸಾವಿರ ಕಟ್ಟುವ ದಂಪತಿಗಳು, ಏರಿಕೆ ಆ ಮಿತಿಯೊಳಗೇ ಪ್ರತಿವರ್ಷ ನಡೆದರೂ, ಅರವತ್ತೇಳರಲ್ಲಿ ಸುಮಾರು 78 ಸಾವಿರ ಕಟ್ಟುತ್ತಿರುತ್ತಾರೆ. ಅಗ್ಗವೆಂದು ಕೊಂಡ ಪಾಲಿಸಿಗಳಲ್ಲಿ ಬಿಲ್ಲಿನ ಇಂತಿಷ್ಟು ಪಾಲನ್ನು ರೋಗಿಯೇ ಕೊಡತಕ್ಕದ್ದೆಂಬ ಷರತ್ತೂ, ಕೊಠಡಿಯ ಬಾಡಿಗೆಗೆ ಮಿತಿಯೂ ಇರುತ್ತವೆ. ಮಿತಿಮೀರಿದ ಕೊಠಡಿಯಲ್ಲಿ ಮಲಗಿದರೆ ಬಾಡಿಗೆಯ ವ್ಯತ್ಯಾಸ ಮಾತ್ರವಲ್ಲದೆ ವೈದ್ಯರ ಶುಲ್ಕ ಮೊದಲಾದುವೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತವೆ. ಹಳ್ಳಿಯಿಂದ ಬಂದವರು ಡಿಸ್ಚಾರ್ಜಿನ ದಿನ ಕ್ಯಾಷ್ ಕೌಂಟರಿನ ಮುಂದೆ ಬೆಪ್ಪಾಗಿ ನಿಲ್ಲುವುದು ಈ ಒಂದು ವಾಕ್ಯದ ದೆಸೆಯಿಂದ.

ಸಾರ್ವಜನಿಕ ಯೋಜನೆಗಳನ್ನು ಕುರಿತು ನಮ್ಮ ಮಧ್ಯಮವರ್ಗದವರಿಗೆ ಒಂದು ಬಗೆಯ ತಾತ್ಸಾರವಿದೆ. 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ, ಎ.ಪಿ.ಎಲ್. ಕಾರ್ಡಿನವರಿಗೆ ನಿಗದಿತ ದರದ ನೂರಕ್ಕೆ ಮೂವತ್ತು, ಒಂದೂವರೆ ಲಕ್ಷಕ್ಕೆ ಮೀರದಂತೆ. ಪಿಂಚಣಿದಾರರು ಬಹುಪಾಲು ಎರಡನೆಯ ವರ್ಗ. ಆದರೂ ಆ ದರವು ಸರ್ಕಾರವು ಗೊತ್ತುಪಡಿಸಿದ ದರವೆಂಬುದು ಚಿಕ್ಕ ಲಾಭವಲ್ಲ. ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು. ಯಡಪುರದಲ್ಲಿ 2021ರ ಅಕ್ಟೋಬರ್ 7ರಂದು ರಾಷ್ಟ್ರಪತಿಗಳು ಉದ್ಘಾಟಿಸಿದ 450 ಹಾಸಿಗೆಗಳ ಬೋಧನಾ ಆಸ್ಪತ್ರೆಯು ಈ ಜಿಲ್ಲೆಯವರಿಗೆ ಆ ಬಾಗಿಲು. ಬಹಳ ಚಿಕಿತ್ಸೆಗಳು ಅಲ್ಲಿಯೇ ಮುಗಿಯುತ್ತವೆ, ವಿಮೆಯ ಮಾತೇ ಬರದೆ.

ಇಲ್ಲಿಗೆ ದಾರಿಯ ಪ್ರಸ್ತಾಪ. ಚಾಮರಾಜನಗರದಿಂದಲೂ ಗುಂಡ್ಲುಪೇಟೆಯಿಂದಲೂ ಮೈಸೂರು ಅರವತ್ತು ಕಿಲೋಮೀಟರಿನ ಆಸುಪಾಸು. ಎರಡು ದಾರಿಗಳೂ ನಂಜನಗೂಡಿನಲ್ಲಿ ಕೂಡಿಕೊಂಡು ಜಯದೇವ ಆಸ್ಪತ್ರೆಗೋ ಕೆ.ಆರ್. ಆಸ್ಪತ್ರೆಗೋ ಖಾಸಗಿಯವಕ್ಕೋ ಮುಟ್ಟುತ್ತವೆ. ದಕ್ಷಿಣದ ಕಡೆಯ ಆಸ್ಪತ್ರೆಗಳಿಗೆ ಹೋಗೋಣವೆಂದರೆ ಗುಂಡ್ಲುಪೇಟೆಯಾಚೆ ಬಂಡೀಪುರದ ಕಾಡು. 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರ ನಿಷೇಧ, ಆಂಬುಲೆನ್ಸಿಗೆ ವಿನಾಯಿತಿಯಿದ್ದರೂ ರೋಗಿಯ ನೆಂಟರ ಕಾರಿಗಿಲ್ಲ. ಆದಕಾರಣ ಪಾಲಿಸಿಯ ಹಿಂದೆ ಅಚ್ಚಾದ ಸಾವಿರಾರು ಆಸ್ಪತ್ರೆಗಳ ಪಟ್ಟಿಗೆ ಮರುಳಾಗದೆ, ನಂಜನಗೂಡು ಮತ್ತು ಮೈಸೂರಿನ ಎಷ್ಟು ಆಸ್ಪತ್ರೆಗಳು ಅದರಲ್ಲಿವೆ ಎಂಬುದೊಂದನ್ನೇ ನೋಡತಕ್ಕದ್ದು. ಪ್ರಯಾಣ, ಜೊತೆಯವರ ಊಟ, ಲಾಡ್ಜು, ಬಿಟ್ಟುಹೋದ ದನಕರುಗಳ ಪೋಷಣೆ ಸಾಮಾನ್ಯ ಪಾಲಿಸಿಗಳಲ್ಲಿ ಇಲ್ಲ. ನಮ್ಮ ನೆರೆಯ ತಿ. ನರಸೀಪುರ ತಾಲ್ಲೂಕಿನಲ್ಲಿ ಕರುಣಾ ಟ್ರಸ್ಟಿನವರು 2002ರ ಸುಮಾರಿಗೆ ನ್ಯಾಷನಲ್ ಇನ್ಶೂರೆನ್ಸ್ ಕಂಪೆನಿಯೊಡಗೂಡಿ ನಡೆಸಿದ ಗ್ರಾಮೀಣ ವಿಮೆಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಮಲಗಿದ ಬಡವನಿಗೆ ಔಷಧದ ಹಣದ ಜೊತೆಗೆ ದಿನಗೂಲಿ ನಷ್ಟಕ್ಕೂ ದಿನಕ್ಕೆ 50 ರೂಪಾಯಿ ಸಲ್ಲುತ್ತಿತ್ತು. ಅಷ್ಟು ಚಿಕ್ಕ ಯೋಜನೆಗೆ ತೋಚಿದ್ದು ಲಕ್ಷಗಳ ಪಾಲಿಸಿಗಳಲ್ಲಿ ಅನೇಕಕ್ಕೆ ಇಂದಿಗೂ ತೋಚಿಲ್ಲ.

ಇವೆಲ್ಲವನ್ನೂ ನೋಡಿದಮೇಲೆ, ರಾಜ್ಯದ ನಿವೃತ್ತರಿಗೆ ಭಿಕ್ಷೆಯಂತೆ ವೈದ್ಯಕೀಯ ಭತ್ಯೆಯನ್ನು ಕೊಡುವುದಕ್ಕಿಂತ, ಸೇವಾನಿರತರ ಯೋಜನೆಯಲ್ಲಿಯೇ, ಅದೇ ವಂತಿಗೆಯ ಪ್ರಮಾಣದಲ್ಲಿ, ಗ್ರಾಚ್ಯುಟಿಯಿಂದ ಒಮ್ಮೆಗೆ ಹಿಡಿದುಕೊಂಡು, ಜೀವಾವಧಿ ಉಳಿಸಿಕೊಳ್ಳುವುದು ನ್ಯಾಯವೆಂದು ನನ್ನ ಅಭಿಪ್ರಾಯ. ಸಿ.ಜಿ.ಎಚ್.ಎಸ್.ನ ಮಾದರಿಯಲ್ಲಿ ‘ಸಿ’ ವೃಂದದ 350 ರೂಪಾಯಿಯನ್ನು ಹತ್ತು ವರ್ಷಕ್ಕೆ ಗುಣಿಸಿದರೆ 42 ಸಾವಿರ. ಗ್ರಾಚ್ಯುಟಿ ಪಡೆಯುವ ದಿನ ಇಷ್ಟನ್ನು ಕೊಡಲೊಪ್ಪದ ಉಪಾಧ್ಯಾಯರು ವಿರಳವಾಗಿರುವರು. ಮುಖ್ಯವಾಗಿ, ತರುಣ ನೌಕರರೂ ವೃದ್ಧರೂ ಒಂದೇ ಗುಂಪಿನಲ್ಲಿದ್ದರೆ ಬ್ಯಾಂಕಿನವರನ್ನು ಕಾಡಿದ ಸುಳಿ ಇಲ್ಲಿ ಏಳದು.

ಅಂಥದೊಂದು ಆಗುವವರೆಗೆ ಸ್ವಂತ ಪಾಲಿಸಿಯನ್ನು ಕೊಳ್ಳುವವರಿಗೆ ಕಡೆಯದಾಗಿ ಒಂದು ವ್ಯವಹಾರದ ಮಾತು. ಅರ್ಜಿಯ ನಮೂನೆಯನ್ನು ಏಜೆಂಟನ ಕೈಯಿಂದ ತುಂಬಿಸದೆ ತಾವೇ ತುಂಬಿ, ಇರುವ ಕಾಯಿಲೆಗಳನ್ನೆಲ್ಲ ಬರೆಯಬೇಕು. ಅರವತ್ತು ತಿಂಗಳು ಎಡೆಬಿಡದೆ ಪಾಲಿಸಿ ನಡೆದಮೇಲೆ, ವಂಚನೆಯು ರುಜುವಾದ ಹೊರತು, ಕಾಯಿಲೆಯನ್ನು ಮುಚ್ಚಿಟ್ಟಿರೆಂದು ಕಂಪೆನಿಯು ಕ್ಲೇಮನ್ನು ತಳ್ಳಿಹಾಕುವಂತಿಲ್ಲವಾದರೂ, ಅದಕ್ಕೆ ಮುಂಚಿನ ತಕರಾರುಗಳಲ್ಲಿ ಬಹುಪಾಲು ಹುಟ್ಟುವುದು ಆ ನಮೂನೆಯ ಬಿಟ್ಟ ಸಾಲುಗಳಿಂದ. ಕ್ಲೇಮು ತಿರಸ್ಕೃತವಾದರೆ ಮೊದಲು ಕಂಪೆನಿಗೆ ಲಿಖಿತ ದೂರು ಕೊಟ್ಟು, ಅದರಿಂದ ಫಲವಾಗದಿದ್ದಲ್ಲಿ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ನರಿಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಅರ್ಜಿಯನ್ನು ಅಂಚೆಯಲ್ಲಿಯೇ ಕಳುಹಿಸಬಹುದು.